ಕರಿ ಬೆಕ್ಕಿನ ತಲೆಗೆ ಕಟ್ಟಿದ ತಪ್ಪು

ಪಕ್ಕದ ಮನೆಯ ಲಲಿತಾ ಅಕ್ಕಾರಿಗೆ,

ನಾನು ಸುಜಾತಾ. ನೀವಿದ್ದಾಗ ನಮ್ಮಿಬ್ಬರ ನಡುವೆ ಪತ್ರದ ಮಾತೇ ಇರಲಿಲ್ಲ. ಹಿತ್ತಲ ಗೋಡೆ ಎದೆಮಟ್ಟ. ಆಚೆಯಿಂದ ನೀವು ಕರೆದರೆ ಈಚೆಯಿಂದ ನಾನು ಓಗೊಡುತ್ತಿದ್ದೆ. ನಮ್ಮ ಮಗ್ಗಗಳು ನಡೆಯುತ್ತಿದ್ದರೆ ನಿಮ್ಮ ದನಿ ಕೇಳಿಸುತ್ತಿರಲಿಲ್ಲ, ಆಗ ನೀವು ಸೌಟಿನಿಂದ ತಾಟು ಬಡಿಯುತ್ತಿದ್ದಿರಿ. ಈಗ ಗೋಡೆಯ ಆಚೆ ಯಾರೂ ಇಲ್ಲ. ನನ್ನ ಹತ್ತಿರ ಹೇಳಬೇಕಾದದ್ದು ಉಳಿದಿದೆ. ಹೋದ ವರ್ಷ ಶ್ರಾವಣದಲ್ಲಿ ನಾನು ನಿಮಗೊಂದು ಸುಳ್ಳು ಹೇಳಿದೆ. ಅದರಿಂದ ಆದದ್ದರಲ್ಲಿ ಅರ್ಧ ನಿಮಗೆ ಗೊತ್ತು. ಉಳಿದರ್ಧ ನನಗೇ ಗೊತ್ತಾದದ್ದು ಮೊನ್ನೆ ಮೊನ್ನೆ.

ಸಾವಳಗಿಯಿಂದ ಮದುವೆಯಾಗಿ ಬನಹಟ್ಟಿಗೆ ಬಂದ ಮೇಲೆ ಎಷ್ಟೋ ವರ್ಷ ನಾನು ಈ ಓಣಿ ಬಿಟ್ಟು ಒಬ್ಬಳೇ ಎಲ್ಲಿಗೂ ಹೋದವಳಲ್ಲ. ನೀವು ಮುಧೋಳದ ಸಾಲೆಯಿಂದ ರಿಟೈರ್ ಆದ ವರ್ಷ ಒಂದು ಸ್ಕೂಟಿ ತಂದು ನಿಲ್ಲಿಸಿದಿರಿ. ಓಣಿಯ ಗಂಡಸರು ನಕ್ಕರು. ಮರುವಾರ ನನ್ನನ್ನೂ ಹತ್ತಿಸಿದಿರಿ. ರಬಕವಿ ರಸ್ತೆಯಲ್ಲಿ ಬೆಳಕು ಹರಿಯುವ ಹೊತ್ತಿಗೆ ನಾನು ಹ್ಯಾಂಡಲ್ ಹಿಡಿದು ನಡುಗುವುದು, ನೀವು ಹಿಂದೆ ಕುಳಿತು ಒದರುವುದು. "ಗಾಲಿ ಯಾಕ ನೋಡ್ತಿ? ರಸ್ತಾ ನೋಡ ಸುಜಾತಾ, ರಸ್ತಾ!" ಒಮ್ಮೆ ಇಬ್ಬರೂ ಬೇಲಿಯಲ್ಲಿ ಬಿದ್ದೆವು. ನಿಮ್ಮ ಮೊಣಕೈ ತರಚಿತ್ತು. ಮನೆಯಲ್ಲಿ ಕೇಳಿದರೆ ನೀವೇ ಗಾಡಿ ಹೊಡೆಯುತ್ತಿದ್ದಿರಿ ಎಂದು ಹೇಳಲು ನನಗೆ ಕಲಿಸಿದಿರಿ. ನನ್ನ ತಪ್ಪನ್ನು ನಿಮ್ಮ ಮೇಲೆ ಹಾಕಿಕೊಂಡ ನಿಮಗೆ ನಾನು...

ಚಂದ್ರಿ ನಮ್ಮ ಮನೆಗೆ ಬಂದ ದಿನವೂ ನೆನಪಿದೆ. ಇಲಿಗಳು ಮಗ್ಗದ ಬೀಮಿಗೆ ಸುತ್ತಿದ ಹಾಸುನೂಲನ್ನೇ ಕಡಿದು ಹಾಕಿದ್ದವು. ಕಡಿದ ಎಳೆಗಳನ್ನು ಒಂದೊಂದಾಗಿ ಹುಡುಕಿ ಗಂಟು ಹಾಕುತ್ತ ನಾನೂ ನಮ್ಮವರೂ ಎರಡು ದಿನ ಕುಳಿತಿದ್ದೆವು. ಮಗ್ಗ ನಿಂತಿತ್ತು. ಮೂರನೇ ದಿನ ನಮ್ಮವರು ಅಂಗಿಯೊಳಗೆ ಒಂದು ಮರಿ ಇಟ್ಟುಕೊಂಡು ಬಂದರು. ಹಣೆಯ ಮೇಲೆ ಬಿಳಿ ಬೊಟ್ಟು ಇದ್ದದ್ದಕ್ಕೆ ಚಂದ್ರಿ ಎಂದು ಹೆಸರಿಟ್ಟೆವು. ಅವಳು ಮೊದಲ ಇಲಿ ಹಿಡಿದಾಗ ನಾನು ಬಟ್ಟಲು ತುಂಬ ಹಾಲು ಕೊಟ್ಟೆ. ಆಮೇಲೆ ಓತಿಕ್ಯಾತ ತಂದಳು, ಅಳಿಲು ತಂದಳು, ಒಂದು ಗುಬ್ಬಿಯನ್ನೂ ತಂದು ಒಲೆಯ ಮುಂದೆ ಇಟ್ಟಳು. ಇಲಿಗೆ ಹಾಲು, ಗುಬ್ಬಿಗೆ ಬೈಗುಳ. ಅವಳಿಗೆ ಹೇಗೆ ತಿಳಿಯಬೇಕು?

ನೀವು ಅವಳ ಕೊರಳಿಗೆ ಗೆಜ್ಜೆ ಕಟ್ಟಿದ್ದು ನೆನಪಾದರೆ ಈಗಲೂ ನಗು ಬರುತ್ತದೆ. ಹಕ್ಕಿಗಳಿಗೆ ಸಪ್ಪಳ ಕೇಳಿಸಲಿ ಎಂದು ಕೆಂಪು ದಾರದಲ್ಲಿ ಎರಡು ಗೆಜ್ಜೆ. ಚಂದ್ರಿ ಎರಡು ದಿನ ಮದುಮಗಳಂತೆ ಓಡಾಡಿದಳು. ಮೂರನೇ ದಿನ ಗೆಜ್ಜೆಯ ಸಮೇತ ಓತಿಕ್ಯಾತ ಕಚ್ಚಿಕೊಂಡು ಬಂದಳು. ನಾನು ನಾಚಿಕೊಂಡು, "ಎರಡ ಹೊತ್ತು ಹಾಲು ಅನ್ನಾ ಹಾಕ್ತೀನ್ರಿ ಅಕ್ಕಾರ, ಆದ್ರೂ ಯಾಕ ಹಿಡಿತೈತ್ರಿ ಇದು?" ಎಂದೆ. ನೀವು ಸಿಟ್ಟಾಗಲಿಲ್ಲ. "ಹಸದು ಹಿಡಿಯೂದಿಲ್ಲವಾ ಅದು. ಹರದಾಡೂದು ಕಂಡ್ರ ಅದಕ ತಡಿಯಾಕ ಆಗೂದಿಲ್ಲ. ತಪ್ಪ ಅದರದಲ್ಲ, ಬಾಗಲಾ ತಗದು ಬಿಟ್ಟವರದು" ಎಂದಿರಿ. ನನ್ನನ್ನು ಕುರಿತು ಹೇಳಿದ್ದಲ್ಲ ಅದು, ಗೊತ್ತು. ಆದರೂ ಆ ಮಾತು ನನ್ನೊಳಗೇ ಉಳಿದುಬಿಟ್ಟಿತು.

ಆ ಶ್ರಾವಣದ ಮಧ್ಯಾಹ್ನ ನೀವು ತಾಟು ಬಡಿದಾಗ ನಾನು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. "ಬಾ ಇಲ್ಲೆ, ಸಪ್ಪಳ ಮಾಡಬ್ಯಾಡ" ಎಂದು ಕೈಸನ್ನೆ ಮಾಡಿದಿರಿ. ನಿಮ್ಮ ಅಂಜೂರದ ಗಿಡದಲ್ಲಿ, ನನ್ನ ಸೊಂಟದ ಎತ್ತರಕ್ಕೆ, ಎರಡು ಎಲೆಗಳ ಅಂಚು ಕೂಡಿಸಿ ಯಾರೋ ಹೊಲಿದಿದ್ದರು. ಅಂಗೈಯಷ್ಟೂ ದೊಡ್ಡದಿಲ್ಲದ ಸಿಂಪಿಗ ಹಕ್ಕಿ. ಅದು ಹೊಲಿದ ದಾರ ನೋಡಲು ಬಗ್ಗಿದೆ. ಹಸಿರು ಮತ್ತು ನೇರಳೆ. ಆ ತಿಂಗಳು ನಮ್ಮ ಮಗ್ಗದ ಮೇಲಿದ್ದ ಸೀರೆಯ ಬಣ್ಣ! ನಾನು ಗುಡಿಸಿ ಹಿತ್ತಲಿಗೆ ಹಾಕಿದ ಕಸದ ನೂಲನ್ನು ಅದು ಆರಿಸಿಕೊಂಡು ಹೋಗಿತ್ತು. "ನೋಡ, ನಿಮ್ಮ ಮನಿ ನೂಲು, ನಮ್ಮ ಮನಿ ಎಲಿ. ಬಾಡಗಿ ಇಬ್ರೂ ಕೇಳೂಣು" ಎಂದು ನಕ್ಕಿರಿ. ಆಮೇಲೆ ನನ್ನ ಕೈ ಹಿಡಿದುಕೊಂಡು, "ಮರಿ ಹಾರೂ ತನಕಾ, ಮುಂಜಾನೆ ಒಂಬತ್ತರ ಮಟಾ ಮತ್ತ ಸಂಜೀ ಮುಂದ ಚಂದ್ರಿನ್ನ ಒಳಗ ಇಟಗೋ. ಇಷ್ಟ ಮಾಡವಾ" ಎಂದಿರಿ. ನಾನು ಮಾತು ಕೊಟ್ಟೆ. ಗೂಡಿನ ಎದುರಿಗೇ ನಿಂತು ಕೊಟ್ಟೆ.

ಆ ಮುಂಜಾನೆ, ಮೊಟ್ಟೆ ಒಡೆದು ಹತ್ತು ದಿನ ಆಗಿತ್ತು, ನೂಲಿನ ಗಾಡಿ ಬೇಗ ಬಂತು. ಚೀಲ ಇಳಿಸಲು ಮುಂಬಾಗಿಲು ತೆರೆದೆ, ಗಾಳಿಯಾಡಲೆಂದು ಹಿಂಬಾಗಿಲೂ ತೆರೆದೆ. ಚಂದ್ರಿ ಕಾಲಸಂದಿಯಲ್ಲಿ ಹೊರಗೆ ಹೋದದ್ದು ನೋಡಿದೆ. ಹೌದು ಅಕ್ಕಾರ, ನೋಡಿದೆ. ಒಂದು ಚೀಲ ಇಳಿಸಿ ಕರೆದರಾಯಿತು ಅಂದುಕೊಂಡೆ. ಚೀಲಗಳೆಲ್ಲ ಇಳಿದು, ಚಹಾ ಕುಡಿದು, ಮಗ್ಗದ ಕೋಣೆಗೆ ಹೋದರೆ ಬೀಮಿನ ಕೆಳಗೆ ಅವಳು ಕುಳಿತು ಮುಂಗಾಲು ನೆಕ್ಕಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಇನ್ನೂ ಬಲಿಯದ ಪುಕ್ಕ, ಒಂದು ತುಂಡು ಹಸಿರು ನೂಲು. ನಾನು ಕಸಬರಿಗೆ ತಂದು ಎಲ್ಲವನ್ನೂ ಗುಡಿಸಿ ಕಸದ ನೂಲಿನೊಳಗೆ ಸೇರಿಸಿಬಿಟ್ಟೆ.

ನೀವು ಬಂದಾಗ ನಿಮ್ಮ ಕೈಯಲ್ಲಿ ಹರಿದ ಎಲೆ ಇತ್ತು. "ಸುಜಾತಾ, ಚಂದ್ರಿ ಎಲ್ಲೈತಿ?" ಎಂದಿರಿ. ನನ್ನ ಬಾಯಿಂದ ತಡವಿಲ್ಲದೆ ಬಂತು: "ಒಳಗ ಐತ್ರಿ ಅಕ್ಕಾರ. ರಾತ್ರಿಯಿಂದ ಹೊರಗ ಬಿಟ್ಟೇ ಇಲ್ರಿ." ನೀವು ನನ್ನ ಮುಖ ನೋಡಿದಿರಿ. ಅನುಮಾನದಿಂದ ಅಲ್ಲ, ನಂಬಿಕೆಯಿಂದ. ಅದು ಇನ್ನೂ ಕಷ್ಟ. "ಹಂಗಾದ್ರ ಆ ಕರೀ ಬೆಕ್ಕೇ" ಎಂದು ನೀವೇ ಉತ್ತರ ಹುಡುಕಿಕೊಂಡಿರಿ. ಕಿರಾಣಿ ಅಂಗಡಿಯ ಚೀಲಗಳ ಮೇಲೆ ಮಲಗುತ್ತಿದ್ದ, ಯಾರದೂ ಅಲ್ಲದ ಆ ಕರಿ ಬೆಕ್ಕು. ನಾನು ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಯಾಕೆ ಸುಳ್ಳು ಹೇಳಿದೆ? ನಮ್ಮವರು ಬೆಕ್ಕು ಬಿಟ್ಟುಕೊಡುವುದಿಲ್ಲ ಎಂದೇ? ಅಲ್ಲ. ನೀವೇನೂ ಚಂದ್ರಿಯನ್ನು ಕೇಳುತ್ತಿರಲಿಲ್ಲ. ಕೊಟ್ಟ ಮಾತು ಒಂದು ಚೀಲದ ಹೊತ್ತಿಗೂ ನಿಲ್ಲಲಿಲ್ಲ ಎಂದು ನಿಮಗೆ ಗೊತ್ತಾಗುವುದು ಬೇಡವಾಗಿತ್ತು. ಅಷ್ಟೇ.

ಮೂರು ದಿನದ ಮೇಲೆ ಬಸುನ ಟೆಂಪೋ ನಿಮ್ಮ ಬಾಗಿಲಲ್ಲಿ ನಿಂತಿತ್ತು. ನಮ್ಮ ಓಣಿಯ ಅರಿವೆಯನ್ನು ಮುಧೋಳ, ಲೋಕಾಪುರ, ಬೀಳಗಿ ಕಡೆಗೆ ಒಯ್ಯುವ ಬಸು, ಸಾಲೆಯಲ್ಲಿ ನಿಮ್ಮ ಕೈಯಲ್ಲಿ ಕಲಿತವನು. ಗೋಣಿಚೀಲದಲ್ಲಿ ಕರಿ ಬೆಕ್ಕು. ಅದು ಚೀರುತ್ತಿರಲಿಲ್ಲ. ಚೀಲ ಮಾತ್ರ ಆಗೊಮ್ಮೆ ಈಗೊಮ್ಮೆ ಅಲುಗುತ್ತಿತ್ತು. "ಬೀಳಗಿ ಬಾಜೂಕಿನ ಬಾಡಗಂಡಿ ಕಡೆ ಕಬ್ಬಿನ್ಯಾಗ ಬಿಡಪಾ. ಇಲಿ ಸಿಗ್ತಾವ, ಬದಕತೈತಿ" ಎಂದು ನೀವು ಅವನಿಗೆ ಹೇಳುವುದು ಕೇಳಿಸಿತು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಕಾಲಿಗೆ ಚಂದ್ರಿ ಮೈ ಉಜ್ಜುತ್ತಿದ್ದಳು. ಟೆಂಪೋ ಹೊರಡಲು ಎಷ್ಟು ಹೊತ್ತು ಹಿಡಿಯಿತು ಗೊತ್ತೇ? ಬಸು ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಂಡ, ಚಪ್ಪಲಿ ಸರಿಮಾಡಿಕೊಂಡ, ಎರಡು ಸಲ ಚಾವಿ ತಿರುವಿದ. ಒಂದು ಮಾತಿಗೆ ಬೇಕಾದಷ್ಟು ಹೊತ್ತು ಇತ್ತು.

ದಸರೆ ಕಳೆದ ಮೇಲೆ ಒಂದು ದಿನ ನೀವು ಊಟದ ಹೊತ್ತಿನಲ್ಲಿ ಬಂದು ಕುಳಿತಿರಿ. ರೊಟ್ಟಿ ಬಡಿಸಿದರೆ ಬೇಡವೆಂದಿರಿ. "ನಾ ನೋಡಿಲ್ಲ ಸುಜಾತಾ. ಆ ಕರೀದು ಮರಿ ತಿಂದದ್ದನ್ನ ನಾ ಕಣ್ಣಿಲೇ ನೋಡಿಲ್ಲ. ನೋಡಲಾರದ ಊರ ಬಿಡಿಸಿನಿ" ಎಂದಿರಿ. ನಲವತ್ತು ಹುಡುಗರಲ್ಲಿ ಪೆನ್ಸಿಲ್ ಕದ್ದವನನ್ನು ಕೂಡ ವಿಚಾರಿಸದೆ ಹೊಡೆದವರಲ್ಲ ನೀವು. "ಇದನ್ನ ಯಾರಿಗೂ ಹೇಳಬ್ಯಾಡ, ಮಂದಿ ನಗತಾರ. ನಾವಿಬ್ರೂ ಹೋಗಿ ಒಂದ ಸಲಾ ನೋಡ್ಕೊಂಡ ಬರೂಣು" ಎಂದಾಗ ಇಲ್ಲವೆನ್ನಲು ನನಗೆ ಬಾಯಿ ಎಲ್ಲಿತ್ತು?

ಆ ದಿನದ ಪ್ರಯಾಣ ನನಗೆ ಪೂರ್ತಿ ನೆನಪಿದೆ. ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೀಟು ತೆಗೆದುಕೊಂಡೆವು, ಎರಡು ಬಸ್ಸು ಬದಲಿಸಿದೆವು. ನಿಮ್ಮ ಚೀಲದಲ್ಲಿ ಹಾಲಿನ ಬಾಟಲಿ, ಒಂದು ಸ್ಟೀಲಿನ ತಾಟು. ಎಲ್ಲಿ ಬಿಟ್ಟದ್ದು ಎಂದು ಬಸುನನ್ನು ಯಾವಾಗಲೋ ಮಾತಿನಲ್ಲಿ ಕೇಳಿ ತಿಳಿದುಕೊಂಡಿದ್ದಿರಿ: ಸಕ್ಕರೆ ಫ್ಯಾಕ್ಟರಿ ದಾಟಿದ ಮೇಲೆ ಮೊದಲ ಕಾಲುವೆ. ಕಾಲುವೆಯ ದಂಡೆಯ ಮೇಲೆ ತಾಟಿಟ್ಟು, ಆಳೆತ್ತರ ಕಬ್ಬಿನ ಮುಂದೆ ನಿಂತು ನೀವು "ಪುಸ್ ಪುಸ್" ಎಂದು ಕರೆದಿರಿ. ಹೆಸರಿಲ್ಲದ ಬೆಕ್ಕನ್ನು ಬೇರೆ ಹೇಗೆ ಕರೆಯಬೇಕು? ನೀರು ಹಾಯಿಸುತ್ತಿದ್ದ ಒಬ್ಬಾತ ಬಂದು, "ಏನ ಕಳಕೊಂಡೀರಿ ಬಾಯಾರ?" ಎಂದ. ನೀವು "ಕರೀ ಬೆಕ್ಕ್ರಿ" ಅಂದಿರಿ. ಅವನು ಸಲಿಕೆ ಊರಿ ನಿಂತುಬಿಟ್ಟ. "ಕರೀ ಬೆಕ್ಕ ಎದುರ ಬಂದ್ರ ಮಂದಿ ಹಿಂದ ಸರೀತಾರ. ನೀವು ಹುಡುಕ್ಕೋತ ಬಂದೀರಲ್ರೀ!" ಎಂದು ಅವನು ನಕ್ಕ, ನೀವೂ ನಕ್ಕಿರಿ. ಆಮೇಲೆ ತಾಟಿನ ಹಾಲಿಗೆ ಇರುವೆ ಹತ್ತಿದ್ದು ನೋಡಿ, ಹಾಲು ಚೆಲ್ಲಿ ತಾಟು ಚೀಲಕ್ಕೆ ಹಾಕಿಕೊಂಡಿರಿ.

ಬರುವಾಗ ಬಸ್ಸಿನಲ್ಲಿ ನಾನು "ಅಕ್ಕಾರ, ಒಂದ ಮಾತ..." ಎಂದೆ. ನೀವು ಕಿಟಕಿಯಿಂದ ತಿರುಗಿ "ಏನವಾ?" ಎಂದಿರಿ. ನಿಮ್ಮ ಸೀರೆಯ ಸೆರಗಿಗೆ ಕಬ್ಬಿನ ಎಲೆಯ ಸಣ್ಣ ಸುಂಕುಮುಳ್ಳು ಅಂಟಿತ್ತು, ಕೊರಳೆಲ್ಲ ಕೆಂಪಾಗಿ ತುರಿಸಿಕೊಳ್ಳುತ್ತಿದ್ದಿರಿ. "ನೀರ ಬೇಕೇನ್ರಿ?" ಎಂದು ಬಾಟಲಿ ಕೊಟ್ಟೆ. ನೀವು ಕುಡಿದಿರಿ. ಅದಾದ ಮೇಲೆ ಅಂಥ ಹೊತ್ತು ಸಿಗಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ದೀಪಾವಳಿ ಬಂತು, ಚಳಿ ಬಂತು, ದಿನಾ ಮುಂಜಾನೆ ಗೋಡೆಯ ಆಚೆ ನೀವೇ ಇದ್ದಿರಿ. ಸಂಕ್ರಾಂತಿಗೆ ಕುಸುರೆಳ್ಳು ಕೊಟ್ಟು ಜಮಖಂಡಿಗೆ ತಂಗಿಯ ಮನೆಗೆ ಹೋದಿರಿ. ನಾಲ್ಕನೇ ದಿನ ಫೋನು ಬಂತು. ಎದೆ ಹಿಡಿಯಿತಂತೆ, ದವಾಖಾನೆ ಮುಟ್ಟುವ ಮೊದಲೇ ಎಲ್ಲ ಮುಗಿಯಿತಂತೆ. ನಾನು ಬಂದಿದ್ದೆ ಅಕ್ಕಾರ. ನಿಮ್ಮ ಕಾಲ ಹತ್ತಿರ ಕುಳಿತಿದ್ದೆ. ಸುತ್ತ ಮಂದಿ ಇದ್ದರು.

ನಿಮ್ಮ ತಂಗಿ ಮನೆಯ ಚಾವಿ ನನ್ನ ಕೈಗೆ ಕೊಟ್ಟು, ಗಿಡಗಳಿಗೆ ನೀರು ಹಾಕು ಎಂದರು. ಹಾಕುತ್ತಿದ್ದೇನೆ. ಈ ಸಲ ಮೊದಲ ಮಳೆ ಬಿದ್ದು ವಾರದಲ್ಲಿ ಅಂಜೂರದ ಎಲೆಯೊಂದು ಮಡಚಿಕೊಂಡದ್ದು ಕಂಡಿತು. ಹತ್ತಿರ ಹೋಗಲಿಲ್ಲ. ಕೊಡ ಅಲ್ಲೇ ಇಟ್ಟು ಮನೆಗೆ ಬಂದೆ. ನಮ್ಮವರಿಗೆ, "ಇವತ್ತಿನಿಂದ ಚಂದ್ರಿ ಹಿತ್ತಲಕ್ಕ ಹೋಗೂದಿಲ್ಲ. ಮಗ್ಗದ ಖೋಲಿ ಕಿಡಕಿಗೆ ಜಾಳಗಿ ಬಡೀರಿ" ಎಂದೆ. ಅವರು ಮಗ್ಗದಿಂದ ಕಣ್ಣು ತೆಗೆಯದೆ, "ಬೆಕ್ಕಿಗೂ ಜೈಲ್ ಮಾಡ್ತೀ ಏನು? ಹಕ್ಕಿ ಮ್ಯಾಲ ಇಷ್ಟ ಪ್ರೀತಿ ಯಾವಾಗಿಂದ ಬಂತು?" ಎಂದರು. ಆಗ ಹೇಳಿದೆ. ಮಗ್ಗದ ಸಪ್ಪಳದಲ್ಲಿ ಒದರಿ ಹೇಳಬೇಕಾಯಿತು. "ಹ್ವಾದ ವರ್ಷ ಮರಿ ತಿಂದದ್ದು ಚಂದ್ರಿ! ನಾ ಅಕ್ಕಾರಿಗೆ ಸುಳ್ಳ ಹೇಳೇನಿ! ಆ ಕರೀದನ್ನ ನಾ ಊರ ಬಿಡಿಸೇನಿ!" ಅವರು ಸ್ವಿಚ್ ಆರಿಸಿದರು. ಒಂದಾದ ಮೇಲೊಂದು ನಾಲ್ಕೂ ಮಗ್ಗ ನಿಂತವು. "ಇದನ್ನ ಒಬ್ಬಾಕೀನ ಇಟಗೊಂಡು ಕುಂತಿದ್ಯಾ?" ಎಂದರು. ಬೈಯಲಿಲ್ಲ. ಸಂಜೆಯೊಳಗೆ ಜಾಳಿಗೆ ಬಡಿದರು.

ಚಂದ್ರಿ ನಾಲ್ಕು ದಿನ ಜಾಳಿಗೆಗೆ ಮೋರೆ ಹಚ್ಚಿ ಅತ್ತಳು. ಕೇಳಿದರೆ ನಿಮಗೂ ಕರುಳು ಚುರ್ರೆನ್ನುತ್ತಿತ್ತು. ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. ಹಗ್ಗದ ತುದಿಗೆ ನೂಲಿನ ಉಂಡೆ ಕಟ್ಟಿ ಸಂಜೆ ಹೊತ್ತು ಆಡಿಸಿದೆ. ಐದನೇ ದಿನ ನೂಲಿನ ಕೋನುಗಳ ನಡುವೆ ಜಾಗ ಮಾಡಿಕೊಂಡು ಮಲಗಿದಳು. ಇಲಿಗಳಿರುವುದು ಅಲ್ಲೇ ಅಲ್ಲವೇ? ಹಿತ್ತಲಲ್ಲಿ ಅವಳ ಕೆಲಸವೇನೂ ಇರಲಿಲ್ಲ, ಬಾಗಿಲು ತೆರೆದಿತ್ತು, ಹೋಗುತ್ತಿದ್ದಳು. ಗೂಡಿನಲ್ಲಿ ಮೂರು ಮರಿ ಇದ್ದವು. ಅವುಗಳಲ್ಲಿ ಒಂದು, ಜೋರು ಮಳೆಯ ದಿನ, ಕೆಳಗೆ ಬಿದ್ದು ಸತ್ತಿತು. ಉಳಿದೆರಡು ಹಾರಿದವು. ಹಾರಿದವು ಅಂದರೆ ದೊಡ್ಡ ಹಾರಾಟವಲ್ಲ, ಅಂಜೂರದಿಂದ ಕರಿಬೇವಿಗೆ, ಕರಿಬೇವಿನಿಂದ ನಮ್ಮ ಗೋಡೆಗೆ. ಒಂದು ಮರಿ ಗೋಡೆಯ ಮೇಲೆ ಬಹಳ ಹೊತ್ತು ಕುಳಿತಿತ್ತು. ಚಂದ್ರಿ ಜಾಳಿಗೆಯ ಹಿಂದೆ ಹಲ್ಲು ಕಟಕಟಿಸುತ್ತ ಅದನ್ನೇ ನೋಡುತ್ತಿದ್ದಳು. ನಾನು ಇಬ್ಬರನ್ನೂ ನೋಡುತ್ತ ನಿಂತಿದ್ದೆ.

ಬಸು ಅರಿವೆ ತುಂಬಲು ಬಂದದ್ದು ಅದರ ಮರುದಿನ. ನಮ್ಮವರಿಗೆ ಹೇಳಿದ ಮೇಲೆ ಅವನಿಗೂ ಹೇಳಲೇಬೇಕಲ್ಲ? ಅವನ ಕೈಯಿಂದಲೇ ಅಲ್ಲವೇ ಆ ಕೆಲಸ ಆದದ್ದು? ನಾನು ಎಲ್ಲ ಹೇಳಿ, ನಾವಿಬ್ಬರೂ ಬಾಡಗಂಡಿಗೆ ಹೋಗಿ ಹುಡುಕಿದ್ದನ್ನೂ ಹೇಳಿದೆ. ಅವನು ಹೊತ್ತ ಗಂಟು ಕೆಳಗಿಳಿಸಿ ಅದರ ಮೇಲೇ ಕುಳಿತುಬಿಟ್ಟ. "ವೈನಿ, ಅಲ್ಲಿ ತನಕಾ ಯಾಕ ಹೋಗಿದ್ರಿ? ನಾ ಬಾಡಗಂಡಿಗೆ ಒಯ್ದೇ ಇಲ್ರಿ ಅದನ್ನ" ಎಂದ. ಲೋಕಾಪುರದಲ್ಲಿ ಚಹಾ ಕುಡಿಯಲು ಗಾಡಿ ನಿಲ್ಲಿಸಿದ್ದನಂತೆ. ಚೀಲದೊಳಗಿಂದ ಬೆಕ್ಕು ಮೊದಲ ಸಲ ಕೂಗಿತಂತೆ. ಹೋಟೆಲಿನವನು ಹಿಟ್ಟಿನ ಚೀಲಕ್ಕೆ ಇಲಿಯ ಕಾಟವಿದೆ, ಇಲ್ಲೇ ಬಿಡು ಅಂದನಂತೆ. ಬಿಟ್ಟು ಬಂದನಂತೆ.

"ಮತ್ತ ಅಕ್ಕಾರಿಗೆ ಯಾಕ ಹೇಳಲಿಲ್ಲೋ?" ಎಂದೆ.

"ಹೆಂಗ ಹೇಳ್ಲೀರಿ? ಕಬ್ಬಿನ್ಯಾಗ ಬಿಡು ಅಂದಿದ್ರು. ಹೇಳಿದ್ದು ಬಿಟ್ಟು ಬ್ಯಾರೆ ಮಾಡೇನಿ ಅಂದ್ರ ಬೈತಾರಂತ... ಎರಡ ಮಕ್ಕಳ ತಂದಿ ಅದೀನ್ರಿ ನಾ, ಆದ್ರೂ ಅಕ್ಕಾರ ಅಂದ್ರ ಅಂಜಿಕಿ. ಅವರು ಕೇಳಿದಾಗ ಕಾಲವಿ, ಗೀಲವಿ ಅಂತ ಬಾಯಿಗೆ ಬಂದದ್ದು ಹೇಳಿಬಿಟ್ಟೆ."

ನೋಡಿದಿರಾ ಅಕ್ಕಾರ? ನಾನು ಬೈಗುಳಕ್ಕಲ್ಲ, ನಿಮ್ಮ ಕಣ್ಣಲ್ಲಿ ಸಣ್ಣವಳಾಗಲು ಅಂಜಿದೆ. ಅವನು ಬೈಗುಳಕ್ಕೆ ಅಂಜಿದ. ಇಬ್ಬರೂ ಅಂಜಿ ನಿಮ್ಮನ್ನು ಆ ಕಾಲುವೆಯ ದಂಡೆಯ ಮೇಲೆ ನಿಲ್ಲಿಸಿದೆವು. ಆ ದಸರೆಯಲ್ಲಿ ನಾನು ಬಾಯಿ ಬಿಟ್ಟಿದ್ದರೆ ನೀವು ನೇರ ಬಸುನ ಹತ್ತಿರ ಹೋಗುತ್ತಿದ್ದಿರಿ. ಅವನೂ ಬಾಯಿ ಬಿಡುತ್ತಿದ್ದ. ನೀವು ನಮ್ಮಿಬ್ಬರಿಗೂ ಚೆನ್ನಾಗಿ ಬೈದು, ಮರುದಿನವೇ ಲೋಕಾಪುರಕ್ಕೆ ಹೋಗಿ ಬೆಕ್ಕನ್ನು ನೋಡಿ ಬಂದು, ಹಗುರಾಗಿ ರೊಟ್ಟಿ ಊಟ ಮಾಡುತ್ತಿದ್ದಿರಿ. ಸಂಕ್ರಾಂತಿಗೆ ಜಮಖಂಡಿಗೆ ಹೋಗುವಾಗ ಆ ಭಾರ ನಿಮ್ಮ ಜೊತೆ ಬರುತ್ತಿರಲಿಲ್ಲ. ಇದಕ್ಕೆ ಕ್ಷಮೆ ಕೇಳುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆದಿದ್ದೇನೆ.

ಹೋದ ಸೋಮವಾರ ನಾನೇ ಲೋಕಾಪುರಕ್ಕೆ ಹೋದೆ. ಬಸ್‌ ಸ್ಟ್ಯಾಂಡಿನಿಂದ ಸ್ವಲ್ಪ ದೂರ, ಟ್ರ್ಯಾಕ್ಟರುಗಳು ನಿಲ್ಲುವ ಕಡೆ ಆ ಹೋಟೆಲು. ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಅದು ಮಲಗಿತ್ತು. ಮೈ ತುಂಬಿಕೊಂಡಿದೆ, ಒಂದು ಕಿವಿ ಹರಿದಿದೆ. ನನ್ನ ಗುರುತು ಅದಕ್ಕೆ ಸಿಗಲಿಲ್ಲ, ಸಿಗುವುದಕ್ಕೆ ನಾನು ಅದಕ್ಕೆ ಏನು ಮಾಡಿದ್ದೆ? ಹೋಟೆಲಿನವರು ಅದನ್ನು ಬಾಯ್ತುಂಬ ಹೊಗಳಿದರು. "ಇಲಿ ಒಂದೂ ಉಳಿಸಿಲ್ರಿ. ಆದ್ರ ಹಂಚಿನ್ಯಾಗಿನ ಗುಬ್ಬೀನೂ ಉಳಿಸಿಲ್ಲ ನೋಡ್ರಿ" ಎಂದರು. ನಿಮ್ಮ ಸಲುವಾಗಿ ನಾನು ಹೇಳಬೇಕಾದ್ದು ಹೇಳಿದೆ: ಗುಬ್ಬಿ ಗೂಡು ಕಟ್ಟಿದಾಗ ಮುಂಜಾನೆ ಬಿಸಿಲೇರುವ ತನಕ ಒಳಗೆ ಕೂಡಿಹಾಕಿರಿ, ಇಲಿಗಳೂ ಒಳಗೇ ಇವೆಯಲ್ಲ ಎಂದು. ಅವರು "ನೋಡೂಣ್ರಿ" ಎಂದರು. ಮಾಡುತ್ತಾರೋ ಇಲ್ಲವೋ. ತಿಂಗಳಿಗೊಮ್ಮೆ ಹೋಗಿ ಕೇಳುತ್ತೇನೆ, ಬೇಸರವಾಗುವ ತನಕ ಕೇಳುತ್ತೇನೆ.

ಚಹಾ ಮುಗಿಸಿ ಎದ್ದಾಗ ಅವರು, "ಇದನ್ನೇ ಹುಡುಕ್ಕೋತ ಬಂದ್ರೇನ್ರಿ ಬನಹಟ್ಟಿಯಿಂದ?" ಎಂದರು.

"ಹೌದ್ರಿ. ಇಬ್ರು ಹುಡುಕಾಕತ್ತಿದ್ವಿ" ಎಂದೆ.

"ಇನ್ನೊಬ್ರು ಎಲ್ಲದಾರ್ರಿ? ಅವರ್ನೂ ಕರಕೊಂಡ ಬರಬೇಕಿತ್ತು."

"ಅವ್ರಿಗೆ ನಾ ತಿಳಸ್ತೀನ್ರಿ" ಎಂದೆ.

ತಿಳಿಸಿದ್ದೇನೆ ಅಕ್ಕಾರ. ಬೆಕ್ಕು ಬದುಕಿದೆ.

ಬನಹಟ್ಟಿಯಿಂದ,
ಸುಜಾತಾ